ವಿಳಾಸವಿಲ್ಲದ ಕಾಲಾಣೆಗಳು

ಎಡವಟ್ಟುಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ, ಅವೇ ನನ್ನ ಮನೆ ಹುಡುಕಿಕೊಂಡು ಬರುತ್ತವೆ. ಕೆ. ಹೊಸಕೋಟೆ ಹೋಬಳಿಯಲ್ಲಿ ಮೂವತ್ತನಾಲ್ಕು ವರ್ಷ ಸೈಕಲ್ ತುಳಿದು ಅಂಚೆ ಹಂಚಿದೆ. ನಿವೃತ್ತಿಯಾದ ಮೇಲಾದರೂ ತೆಪ್ಪಗೆ ಜಗಲಿಯಲ್ಲಿ ಕೂರಬಹುದು ಅಂದುಕೊಂಡಿದ್ದೆ. ಕೂರುವುದಕ್ಕೆ ಯಾರು ಬಿಡುತ್ತಾರೆ?

ಕಳೆದ ವರ್ಷ ನಮ್ಮೂರ ಹೈಸ್ಕೂಲಿನ ಹೆಡ್ ಮೇಡಂ ಹೇಳಿ ಕಳಿಸಿದರು. ರಾಜ್ಯೋತ್ಸವದ ದಿನ ಶಾಲೆಯ ಮೈದಾನದಲ್ಲಿ ‘ನೂರು ವರ್ಷದ ಹಿಂದಿನ ಸಂತೆ’ ನಡೆಸುತ್ತಾರಂತೆ. ಮಕ್ಕಳೇ ವ್ಯಾಪಾರಿಗಳು, ಮಕ್ಕಳೇ ಗಿರಾಕಿಗಳು. ಸೇರು, ಪಾವು, ತಕ್ಕಡಿ, ಬೆಲ್ಲದಚ್ಚು ಎಲ್ಲ ಹೊಂದಿಸಿಕೊಂಡಿದ್ದರು. ಕಾಸು ಮಾತ್ರ ಸಿಕ್ಕಿರಲಿಲ್ಲ.

“ಹಾಸನದಲ್ಲಿ ಹಳೇ ನಾಣ್ಯ ಮಾರೋರು ಇದ್ದಾರಲ್ಲ ಮೇಡಂ” ಎಂದೆ.

“ಅವು ತೊಳೆದು ಇಟ್ಟಿದ್ದು, ಪಳಪಳ ಅನ್ನುತ್ತವೆ. ನನಗೆ ಕೈಯಿಂದ ಕೈಗೆ ಹೋಗಿ ಸವೆದ ಕಾಸು ಬೇಕು. ಮಕ್ಕಳು ಅದನ್ನ ಗಾಜಿನ ಪೆಟ್ಟಿಗೆಯಲ್ಲಿ ನೋಡೋದಲ್ಲ, ಕೈಯಲ್ಲಿ ಹಿಡಿದು ಬೆಲ್ಲ ಕೊಳ್ಳಬೇಕು. ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತೆ. ನೀವು ಕೇಳಿದರೆ ಜನ ಕೊಡುತ್ತಾರೆ. ಸಂತೆ ಮುಗಿದ ಮೇಲೆ ಅವರವರದ್ದು ಅವರವರಿಗೆ ವಾಪಸ್.”

ಆ ಕೊನೆಯ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳಿದರೋ ನಾನೂ ಅಷ್ಟೇ ಸಲೀಸಾಗಿ ಒಪ್ಪಿಕೊಂಡೆ. ನನಗೊಂದು ಜಂಬವಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ಒಂದೇ ಒಂದು ಕಾಗದವೂ ನನ್ನ ಕೈಯಿಂದ ತಪ್ಪಿದ ಮನೆಗೆ ಹೋದದ್ದಿಲ್ಲ. ಕಾಗದಕ್ಕಾಗದ ತಪ್ಪು ಕಾಸಿಗೆ ಆಗುತ್ತದೆಯೇ?

ದೊಡ್ಡಮ್ಮನ ಷರತ್ತು

ಮೊದಲು ಹೋದದ್ದು ಹಿಂದಿನ ಬೀದಿಯ ದೊಡ್ಡಮ್ಮನ ಮನೆಗೆ. ನನಗೆ ಅವರು ಸಂಬಂಧವೇನಲ್ಲ, ಊರಿಗೆಲ್ಲ ಅವರು ದೊಡ್ಡಮ್ಮ. ವಯಸ್ಸು ಎಂಬತ್ತರ ಹತ್ತಿರ, ಗಂಟಲು ಮಾತ್ರ ಇಪ್ಪತ್ತರದ್ದು. ಅವರೆದುರು ನಿಂತರೆ ಅಂಚೆಚೀಲ ಹೆಗಲಲ್ಲಿದೆಯೋ ಇಲ್ಲವೋ ಎಂದು ನನ್ನ ಕೈ ಇವತ್ತಿಗೂ ತಡಕುತ್ತದೆ.

ದೇವರ ಕೋಣೆಯ ಮರದ ಪೆಟ್ಟಿಗೆಯಿಂದ ಒಂದು ತಾಮ್ರದ ಕಾಲಾಣೆ ತಂದು ನನ್ನ ಅಂಗೈ ಮೇಲಿಟ್ಟರು. ಎರಡೂ ಕಡೆ ನುಣ್ಣಗೆ. ರಾಜನೂ ಇಲ್ಲ, ಇಸವಿಯೂ ಇಲ್ಲ.

“ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ನಮ್ಮತ್ತೆ ಕೊಟ್ಟಿದ್ದು ಕಣಪ್ಪ. ಅವರಿಗೆ ಅವರತ್ತೆ ಕೊಟ್ಟಿದ್ದಂತೆ. ದೀಪಾವಳೀಲಿ ಲಕ್ಷ್ಮಿ ಪೂಜೆಗೆ ಕಳಸದೊಳಗೆ ಇದೇ ಬೀಳ್ಬೇಕು. ಹಬ್ಬ ನಿಮ್ ಸಂತೆ ಆಗಿ ಎಂಟ್ ದಿನಕ್ಕೈತೆ. ಅಷ್ಟರೊಳಗೆ ಇದು ಇಲ್ಲಿರ್ಬೇಕು.”

“ಇರ್ತದೆ ದೊಡ್ಡಮ್ಮ. ನನ್ನ ಮೇಲೆ ನಂಬಿಕೆ ಇಲ್ವಾ?”

“ಬೇರೆಯೋರು ಕೇಳಿದ್ರೆ ಕೊಡ್ತಿದ್ನಾ? ತಪ್ಪು ಮನೆ ಬಾಗ್ಲಿಗೆ ಹೋಗೋನಲ್ಲ ಅಂತ ಊರೆಲ್ಲ ಹೇಳ್ಕಂಡು ತಿರುಗ್ತಿಯಲ್ಲ, ಅದ್ಕೇ ಕೊಡ್ತಿದ್ದೀನಿ” ಎಂದು ಯಾಕೋ ಸಣ್ಣಗೆ ನಕ್ಕರು. ಅದು ಆಶೀರ್ವಾದದ ನಗು ಎಂದುಕೊಂಡೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ನೋಡು, ಇಡೀ ಊರು ನನ್ನ ಮೇಲೆ ಎಷ್ಟು ಭರವಸೆ ಇಟ್ಟೈತೆ.”

“ಮೂರು ದಿನದಿಂದ ನಮ್ ಹಾಲಿನ ಪ್ಯಾಕೆಟ್ ಪಕ್ಕದ ಮನೆಗೆ ಹೋಗ್ತಾ ಐತೆ. ಮೊದ್ಲು ಅದನ್ನ ಸರಿಯಾದ ವಿಳಾಸಕ್ಕೆ ತಂದುಕೊಡಿ” ಎಂದಳು.

ರಾಜನ ಮೂಗು

ಶುಂಠಿ ಬೆಳೆಯುವ ನನ್ನ ಗೆಳೆಯನೊಬ್ಬನಿದ್ದಾನೆ. ಅವನ ಮನೆಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ನಾನೇ ಹಿಂದೊಮ್ಮೆ ನೋಡಿದ್ದೆ. ರಾಜನ ಮುಖ ಎಷ್ಟು ಸ್ಪಷ್ಟವಾಗಿತ್ತೆಂದರೆ ಗಡ್ಡದ ಕೂದಲು ಎಣಿಸಬಹುದಿತ್ತು. ಅವನಿಗೆ ಫೋನ್ ಮಾಡಿ, “ಶಾಲೆಗೆ ಹಳೇ ಕಾಸು ಬೇಕು ಕಣೋ, ಸವೆದಿರೋದು” ಎಂದೆ. “ಅದ್ಕೇನಂತೆ, ಸೋಮವಾರ ತರ್ತೀನಿ” ಎಂದ.

ಸೋಮವಾರ ಬೆಳಿಗ್ಗೆ ಬಂದ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಎಡಗೈಯಿಂದ ನನ್ನ ಅಂಗೈಗೆ ಒಂದು ಬೆಳ್ಳಿ ಬಿಲ್ಲೆ ಹಾಕಿದ. ಕನ್ನಡಿಯ ಹಾಗೆ ನುಣುಪು.

“ಇದ್ಯಾವುದು? ಆ ಗಡ್ಡದ ರೂಪಾಯಿ ಎಲ್ಲಿ?”

“ಇದೇ ಅದು! ಮುಖ ಇನ್ನೂ ಕಾಣ್ತಿತ್ತು ಮಾರಾಯ. ನೀನು ಸವೆದಿರೋದೇ ಬೇಕು ಅಂದ್ಯಲ್ಲ, ಭಾನುವಾರ ಪೂರ್ತಿ ಮಚ್ಚು ಮಸೆಯೋ ಕಲ್ಲಿನ ಮೇಲೆ ಉಜ್ಜಿದ್ದೀನಿ. ಕಿವಿ, ಕಿರೀಟ ಎಲ್ಲ ಬೇಗ ಹೋದ್ವು. ಮೂಗು ಮಾತ್ರ ಭಾರೀ ಗಟ್ಟಿ ಕಣೋ, ಸಾಯಂಕಾಲದ ತನಕ ಹೋಗ್ಲೇ ಇಲ್ಲ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನ ಬೆರಳ ಬಟ್ಟೆ ನೋಡಿ ಬೈಯಲೂ ಮನಸ್ಸು ಬರಲಿಲ್ಲ. ನಾನು ಬಿಲ್ಲೆಯನ್ನು ತಿರುವಿ ತಿರುವಿ ನೋಡುವುದನ್ನು ಕಂಡು ಅವನಿಗೆ ಬೇರೆಯೇ ಅನುಮಾನ ಬಂತು.

“ಇನ್ನೂ ಸ್ವಲ್ಪ ಸವೆಸ್ಬೇಕಿತ್ತಾ? ಮನೇಲಿ ಇನ್ನೊಂದ್ ಐತೆ. ಅದ್ರಲ್ಲಿ ರಾಣಿ ಇದ್ದಾಳೆ, ಅವಳ ಮೂಗು ಚಿಕ್ಕದು.”

ನಟ್ಟು ಬೋಲ್ಟು ಸಮೇತ

ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ನನಗೆ ಹಳೇ ಪರಿಚಯ. ನಡುವೆ ತೂತಿರುವ ಒಂದು ಪೈಸೆಯ ಕಾಸು ಸಿಕ್ಕೀತೇ ಎಂದು ಕೇಳಿದ್ದಕ್ಕೆ, “ಐತೆ ಬನ್ನಿ” ಎಂದು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಪಲ್ಪರಿನ ಮುಂದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಒಂದು ಬೋಲ್ಟಿಗೆ ವಾಷರ್ ಆಗಿ ಕೂತಿತ್ತು ಆ ಕಾಸು. ಯಾವ ಪುಣ್ಯಾತ್ಮ ಯಾವಾಗ ಹಾಕಿದ್ದನೋ, ಯಂತ್ರದ ಜೊತೆ ಅದೂ ಸವೆದು ಬಳೆಯ ಚೂರಿನಷ್ಟು ತೆಳ್ಳಗಾಗಿತ್ತು. ಕುಯಿಲು ಶುರುವಾಗಲು ಇನ್ನೂ ಸಮಯವಿತ್ತು. ರೈಟರು ಅದನ್ನು ಬಿಚ್ಚಿ ನನಗೆ ಕೊಟ್ಟು, ಅಂಗಡಿಯ ಹೊಸ ವಾಷರ್ ಹಾಕಿದರು.

ಮಾರನೆಯ ದಿನವೇ ಫೋನು. “ಪೋಸ್ಟಣ್ಣ, ಕಾಸು ತಂದ್ಬುಡಿ. ಪಲ್ಪರ್ ಓಡಿಸಿ ನೋಡಿದ್ರೆ ಗಡಗಡ ಅಂತ ಒಂದೇ ಸಮ ಅಲ್ಲಾಡ್ತೈತೆ. ಮೂರು ಥರ ವಾಷರ್ ಹಾಕಿ ನೋಡ್ದೆ. ಒಂದು ದಪ್ಪ ಆಗ್ತೈತೆ, ಒಂದು ತೆಳು ಆಗ್ತೈತೆ, ಇನ್ನೊಂದು ಸರಿಯಾಗೇ ಕೂರ್ತೈತೆ, ಆದ್ರೂ ಅಲ್ಲಾಡ್ತೈತೆ. ಸಾಹುಕಾರ್ರು ಬರೋ ಹೊತ್ತಾಯ್ತು.”

ಬಸ್ಸು ಹತ್ತಿ ಹೋಗಿ ವಾಪಸ್ ಕೊಟ್ಟೆ. ಕಾಸು ಕೂತ ಕೂಡಲೇ ಯಂತ್ರ ಹಸುವಿನ ಹಾಗೆ ಸುಮ್ಮನಾಯಿತು. ಆದರೆ ರೈಟರು ಮಾತಿಗೆ ತಪ್ಪುವವರಲ್ಲ. ರಾಜ್ಯೋತ್ಸವದ ದಿನ ಎಸ್ಟೇಟಿಗೆ ರಜೆ. ಬೆಳಿಗ್ಗೆಯೇ ಬೈಕಿನಲ್ಲಿ ಸಂತೆಗೆ ಬಂದು ಪೇಪರಿನಲ್ಲಿ ಸುತ್ತಿದ್ದ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಗೇಣುದ್ದದ ಬೋಲ್ಟು, ನಟ್ಟು, ನಡುವೆ ಕಾಸು.

“ಬಿಡಿಸೋಕೆ ಹೋಗ್ಬೇಡಿ, ಮತ್ತೆ ಎಲ್ಲಿ ಕೈ ಕೊಡ್ತದೋ. ಹಿಂಗೇ ಖರ್ಚು ಮಾಡಿ” ಎಂದರು.

ಬೆಲ್ಲದಂಗಡಿಯಲ್ಲಿ ಕೂತಿದ್ದ ಎಂಟನೇ ಕ್ಲಾಸಿನ ಹುಡುಗಿ ಅದನ್ನು ತಕ್ಕಡಿಯಲ್ಲಿಟ್ಟು ನೋಡಿ, “ಬೋಲ್ಟಿಗೆ ಚಿಲ್ಲರೆ ಇಲ್ಲ” ಎಂದಳು.

ಒಂದು ರೂಪಾಯಿ ತೂಕ

ಬಿಸಿಲೆಯ ಹತ್ತಿರ ಒಬ್ಬ ನಾಟಿ ವೈದ್ಯರಿದ್ದಾರೆ. ಹೊಟ್ಟೆ ಕಟ್ಟಿದವರಿಗೆ ಅವರು ಕೊಡುವ ಅಳಲೆಕಾಯಿ ಪುಡಿಗೆ ಆ ಸುತ್ತಿನಲ್ಲೆಲ್ಲ ಹೆಸರು. ತೂಕದ ಲೆಕ್ಕ ಹಳೆಯ ಕಾಲದ್ದು. ಸಣ್ಣ ತಕ್ಕಡಿಯ ಒಂದು ಕಡೆ ಬೆಳ್ಳಿ ರೂಪಾಯಿ, ಇನ್ನೊಂದು ಕಡೆ ಪುಡಿ. ಅವರ ತಂದೆಯ ಕಾಲದಿಂದ ಉಪಯೋಗಿಸುತ್ತಿದ್ದ ಆ ರೂಪಾಯಿ ನಿಜಕ್ಕೂ ನೆಕ್ಕಿ ಬಿಟ್ಟ ಪೆಪ್ಪರಮೆಂಟಿನ ಹಾಗಾಗಿತ್ತು. ನನಗೆ ಆಸೆಯಾಯಿತು. “ನಿಮ್ಮ ಕೆಲಸ ನಿಲ್ಲೋದು ಬೇಡ, ಅಲ್ಲಿಯ ತನಕ ನಮ್ಮನೆ ರೂಪಾಯಿ ಇಟ್ಕಳಿ” ಎಂದು, ಅಷ್ಟೇನೂ ಸವೆಯದ ನನ್ನದೊಂದನ್ನು ಕೊಟ್ಟು ಅವರದ್ದನ್ನು ತಂದೆ.

ವಾರದ ಮೇಲೆ ಸುಬ್ರಹ್ಮಣ್ಯದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ನನ್ನನ್ನು ನಿಲ್ಲಿಸಿ ಬೈದ. “ಏನ್ರೀ, ವೈದ್ಯರಿಗೆ ಏನ್ ಕೊಟ್ರಿ ನೀವು? ಘಾಟಿಯಲ್ಲಿ ಮೂರು ಕಡೆ ಬಸ್ಸು ನಿಲ್ಸಿದೀನಿ. ಇಳಿದೋರು ಕಾಡಿಗೆ ಓಡ್ತಾರೆ, ಆನೆ ಐತೆ ಅಂದ್ರೂ ಕೇಳಲ್ಲ!”

ಗಾಬರಿಯಾಗಿ ಬಿಸಿಲೆಗೆ ಓಡಿದೆ. ವೈದ್ಯರು ಕೋಪದಲ್ಲಿರಲಿಲ್ಲ. ಯಾವುದೋ ಯೋಚನೆಯಲ್ಲಿ ಮುಳುಗಿದ್ದರು.

“ಈಗ ಅರ್ಥ ಆಯ್ತು ನೋಡಿ. ನಮ್ಮಪ್ಪ ತೂಗುವಾಗ ರೂಪಾಯಿ ಪೂರ್ತಿ ಇತ್ತು. ನನ್ನ ಕೈಯಲ್ಲಿ ಅದು ಸವೀತಾ ಬಂತು, ಔಷಧಿ ಕಮ್ಮಿ ಆಗ್ತಾ ಬಂತು. ನಾನು ಜನಗಳ ಹೊಟ್ಟೆನೇ ಗಟ್ಟಿ ಆಗ್ತಿದೆ ಅಂದ್ಕಂಡಿದ್ದೆ.”

“ಹಾಗಾದ್ರೆ ನಿಮ್ಮ ಹಳೇ ರೂಪಾಯಿ ಬೇಡ್ವಾ?”

“ಬೇಡ ಅಂದ್ನಾ? ಎರಡೂ ಬೇಕು. ಮನೇಲಿ ಇರೋರಿಗೆ ನಿಮ್ಮದು, ಬಸ್ಸಲ್ಲಿ ಹೋಗೋರಿಗೆ ನಮ್ಮದು.”

ಹೀಗೆ ನನ್ನ ರೂಪಾಯಿ ವೈದ್ಯವೃತ್ತಿಗೆ ಸೇರಿ ಹೋಯಿತು, ಇನ್ನೂ ವಾಪಸ್ ಬಂದಿಲ್ಲ.

ಜೋಪಾನವಾಗಿಟ್ಟ ಚೀಟಿ

ಬೋಲ್ಟಿನ ಕಾಸು, ವೈದ್ಯರ ರೂಪಾಯಿ, ಮೂಗಿಲ್ಲದ ರಾಜ ಇವೆಲ್ಲ ನೋಡಿದ ಕೂಡಲೇ ಗುರುತಾಗುವಂಥವು. ತೊಂದರೆ ಇದ್ದದ್ದು ಕಾಲಾಣೆಗಳದ್ದು. ಇಪ್ಪತ್ತಮೂರು ಮನೆಗಳಿಂದ ಇಪ್ಪತ್ತಮೂರು ತಾಮ್ರದ ಕಾಲಾಣೆ. ಎಲ್ಲವೂ ಒಂದೇ ಅಳತೆ, ಎಲ್ಲವೂ ನುಣ್ಣಗೆ. ನಾನು ದಡ್ಡನೇನಲ್ಲ. ಒಂದೊಂದಕ್ಕೂ ದಾರ ಸುತ್ತಿ, ಯಜಮಾನರ ಹೆಸರು, ಬೀದಿ, ಊರು ಎಲ್ಲ ಬರೆದ ಚೀಟಿ ಕಟ್ಟಿದ್ದೆ. ನನ್ನ ಅಕ್ಷರ ನೋಡಿ ನನಗೇ ಹೆಮ್ಮೆಯಾಗಿತ್ತು.

ಸಂತೆಯ ಬೆಳಿಗ್ಗೆ ಕಾಸಿನ ತಟ್ಟೆಯನ್ನು ಹೆಡ್ ಮೇಡಂ ಮೇಜಿನ ಮೇಲಿಟ್ಟು ಉಪ್ಪಿಟ್ಟು ತಿನ್ನಲು ಹೋದೆ. ಹತ್ತು ನಿಮಿಷ, ಅಷ್ಟೇ. ವಾಪಸ್ ಬಂದಾಗ ಮೇಡಂ ಕೈಯಲ್ಲಿ ಕತ್ತರಿ ಇತ್ತು. ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಕಾಸು, ಒಂದರಲ್ಲಿ ಚೀಟಿ.

“ನೂರು ವರ್ಷದ ಹಿಂದೆ ಕಾಸಿಗೆ ಚೀಟಿ ಕಟ್ಟುತ್ತಿದ್ದರೇನ್ರೀ? ಎಲ್ಲ ಸಹಜವಾಗಿರಬೇಕು ಅಂತ ಮಕ್ಕಳಿಗೆ ಕೈಗಡಿಯಾರ ಕೂಡ ಬಿಚ್ಚಿಸಿದ್ದೀನಿ.”

ದೊಡ್ಡಮ್ಮನ ಮುಖ ಕಣ್ಣ ಮುಂದೆ ಬಂದು ನಿಂತಿತು. “ಮೇಡಂ, ಯಾವುದು ಯಾರದ್ದು ಅಂತ ಈಗ ಹೇಗೆ...”

“ಯಾಕೆ ಗಾಬರಿ? ಚೀಟಿಗಳನ್ನ ಜೋಪಾನವಾಗಿ ಇಟ್ಟಿದ್ದೀನಿ, ಎಣಿಸಿಕೊಳ್ಳಿ. ಒಂದೂ ಕಳೆದಿಲ್ಲ.”

ಎಲ್ಲರಿಗೂ ಗೊತ್ತು

ಸಂತೆ ಬಹಳ ಚೆನ್ನಾಗಿ ನಡೆಯಿತಂತೆ. ನನಗೇನೂ ನೆನಪಿಲ್ಲ. ಮಕ್ಕಳು ಕಾಲಾಣೆ ಹಿಡಿದು ಓಡಾಡುವಾಗಲೆಲ್ಲ ನಾನು ಹಿಂದೆಯೇ ಓಡಾಡುತ್ತಿದ್ದೆ. ಸಂಜೆ ಎಣಿಸಿದಾಗ ಇಪ್ಪತ್ತಮೂರೂ ಇದ್ದವು. ಯಾವುದು ಯಾರದ್ದು ಎನ್ನುವುದು ಮಾತ್ರ ದೇವರಿಗೇ ಗೊತ್ತು. ವಿಳಾಸ ಅಳಿಸಿಹೋದ ಕಾಗದವನ್ನಾದರೂ ವಾಪಸ್ ಕಳಿಸಬಹುದು. ಇವುಗಳನ್ನು ಯಾರಿಗೆಂದು ಕಳಿಸಲಿ?

ಮೊದಲು ದೊಡ್ಡಮ್ಮನ ಹತ್ತಿರವೇ ಹೋಗಿ ಇದ್ದದ್ದು ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಅವರನ್ನು ಕೊನೆಗಿಟ್ಟು ಉಳಿದ ಮನೆಗಳಿಗೆ ಹೊರಟೆ. ತಟ್ಟೆ ಮುಂದೆ ಹಿಡಿದು, “ನಿಮ್ಮದು ಆರಿಸ್ಕಳಿ” ಎಂದೆ. ಬೈಗುಳಕ್ಕೆ ಬೆನ್ನು ಕೊಟ್ಟು ತಯಾರಾಗಿದ್ದೆ.

ಯಾರೂ ಬೈಯಲಿಲ್ಲ. ಒಬ್ಬರೂ ಅನುಮಾನಿಸಲೂ ಇಲ್ಲ. ಒಬ್ಬರು ಮೂಸಿ ನೋಡಿ, “ಇದೇ. ನಮ್ಮನೆ ಮೆಂತ್ಯದ ಡಬ್ಬೀಲಿತ್ತು, ವಾಸನೆ ನೋಡಿ” ಎಂದು ಎತ್ತಿಕೊಂಡರು. ನಾನು ಮೂಸಿದೆ, ಬೆಲ್ಲದ ವಾಸನೆ ಬಂತು. ಇನ್ನೊಬ್ಬರು ಕಚ್ಚಿ ನೋಡಿ ಗುರುತು ಹಿಡಿದರು. ಅವರಿಗೆ ಇದ್ದದ್ದೇ ಎರಡು ಹಲ್ಲು. ಮತ್ತೊಬ್ಬರು ಮೊಮ್ಮಗಳನ್ನು ಕರೆದು ಆರಿಸಲು ಹೇಳಿ, ಅವಳು ಆರಿಸಿದ್ದನ್ನು ಬಿಟ್ಟು ಬೇರೆ ತೆಗೆದುಕೊಂಡರು. ಒಂದೇ ಸೂರಿನಡಿ ಎರಡು ಮನೆಯಾಗಿ ಬೇರೆಯಾಗಿದ್ದ ಓರಗಿತ್ತಿಯರಿಬ್ಬರು ಒಂದೇ ಕಾಸಿಗೆ ಕೈ ಹಾಕಿದರು.

“ಇದು ನಮ್ದು ಕಣೇ!”

“ನಿಂದೆಂಗಾಯ್ತದೆ? ನಮ್ದು ನಂಗೊತ್ತಿಲ್ವಾ?”

ಜಗಳ ಬೀದಿಗೆ ಬರುವಂತಾಯಿತು. ನಾನು ಆ ಕಾಸನ್ನೂ ತಟ್ಟೆಯ ಇನ್ನೊಂದನ್ನೂ ತೆಗೆದುಕೊಂಡು, ಬೆನ್ನ ಹಿಂದೆ ಕೈಯಿಟ್ಟು ಕಲೆಸಿ, ಒಬ್ಬೊಬ್ಬರ ಕೈಗೆ ಒಂದೊಂದು ಇಟ್ಟೆ. ಇಬ್ಬರೂ ಒಟ್ಟಿಗೆ ಕೂಗಿದರು.

“ನೋಡಿದ್ಯಾ? ನಾನ್ ಹೇಳ್ಲಿಲ್ವಾ, ಇದೇ ನಮ್ದು!”

ಪೆಟ್ಟಿಗೆಯ ತಳದಲ್ಲಿ

ಇಪ್ಪತ್ತೆರಡು ಮನೆ ಮುಗಿಯಿತು. ತಟ್ಟೆಯಲ್ಲಿ ಒಂದು ಕಾಲಾಣೆ ಉಳಿಯಿತು. ಮಾರನೆಯ ದಿನವೇ ಲಕ್ಷ್ಮಿ ಪೂಜೆ.

ದೊಡ್ಡಮ್ಮನ ಮನೆಯಲ್ಲಿ ಹಬ್ಬದ ಗಡಿಬಿಡಿ. ಸಕಲೇಶಪುರದಿಂದ ಮಗಳೂ ಅಳಿಯನೂ ಬಂದಿದ್ದರು. ಅಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ಅಳಿಯ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದ. ಮಗಳು ಅಡುಗೆಮನೆಯಲ್ಲಿ ಏನೋ ಕರಿಯುತ್ತಿದ್ದಳು. ನಾನು ಕಾಸನ್ನು ದೊಡ್ಡಮ್ಮನ ಕೈಗಿಟ್ಟೆ. ಅವರು ಅದನ್ನು ನೋಡಲೂ ಇಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಅಷ್ಟೇ.

“ಇದು ನಮ್ದಲ್ಲ.”

“ದೊಡ್ಡಮ್ಮ, ಸರಿಯಾಗಿ ನೋಡಿ...”

“ನೋಡೋದೇನು? ಮೂರು ತಲೆಮಾರಿನ ಹೆಬ್ಬೆಟ್ಟು ಕೂತು ನಮ್ದರಲ್ಲಿ ಒಂದು ತಗ್ಗು ಬಿದ್ದೈತೆ. ಇದ್ರಲ್ಲಿ ಇಲ್ಲ. ಮೊದ್ಲೇ ನನ್ನತ್ರ ಬಂದಿದ್ರೆ ಕಣ್ಮುಚ್ಕಂಡು ಆರಿಸ್ಕಂತಿದ್ದೆ.”

ಇಪ್ಪತ್ತೆರಡು ಮನೆಯ ಪೈಕಿ ಯಾರ ಮೆಂತ್ಯದ ಡಬ್ಬಿಯಲ್ಲಿದೆಯೋ ಆ ತಗ್ಗಿನ ಕಾಸು! ಚೀಟಿ, ಕತ್ತರಿ, ಉಪ್ಪಿಟ್ಟು, ಎಲ್ಲ ಹೇಳಿಬಿಟ್ಟೆ. “ಮೂವತ್ನಾಲ್ಕು ವರ್ಷದಲ್ಲಿ ಇದೊಂದೇ ದೊಡ್ಡಮ್ಮ ನಾನು ತಪ್ಪು ಮನೆಗೆ ಕೊಟ್ಟಿದ್ದು” ಎಂದೆ.

ಬೈಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ದೇವರ ಕೋಣೆಗೆ ಹೋಗಿ ಆ ಮರದ ಪೆಟ್ಟಿಗೆಯನ್ನೇ ಹೊತ್ತು ತಂದರು. ತಳದಿಂದ ಒಂದು ಹಳದಿಗಟ್ಟಿದ ಕವರು ತೆಗೆದು ನನ್ನ ಮಡಿಲಿಗೆ ಹಾಕಿದರು.

“ಇದೊಂದೇ ಅಲ್ಲ. ಇನ್ನೊಂದ್ ಐತೆ. ಓದು.”

ವಿಳಾಸ ಓದಿದೆ. ದೊಡ್ಡಮ್ಮನ ಪಕ್ಕದ ಮನೆಯದ್ದು.

“ಇಪ್ಪತ್ತಾರು ವರ್ಷ ಆಯ್ತು. ನಮ್ಮ ಕವರಿನ ಬೆನ್ನಿಗೆ ಅಂಟ್ಕಂಡು ಬಂದಿತ್ತು. ನಂದೇ ಇರ್ಬೇಕು ಅಂತ ಒಡೆದ್ಬುಟ್ಟೆ. ಭಾನುವಾರ ಹೆಣ್ಣು ನೋಡೋಕೆ ಬರ್ತೀವಿ ಅಂತ ಗಂಡಿನ ಕಡೆಯೋರು ಅವರಿಗೆ ಬರೆದಿದ್ದು. ಬೆಳಿಗ್ಗೆ ಕೊಡೋಣ ಅಂತ ಹೋದ್ರೆ ಬೀಗ ಹಾಕಿತ್ತು. ಎಲ್ಲ ಆಲೂರಿಗೆ ನೆಂಟರ ಮನೆಗೆ ಹೋಗಿದ್ರು. ಕಾಗದ ಸಿಕ್ಕಿದ್ರೆ ತಾನೆ ಮನೇಲಿರೋದು? ಭಾನುವಾರ ಅವರು ಬಂದೇ ಬುಟ್ರು. ಬಂದೋರನ್ನ ಬೀದೀಲಿ ನಿಲ್ಸೋಕಾಯ್ತದಾ? ಕರೆದು ಕೂರಿಸ್ದೆ. ನಮ್ ಹುಡ್ಗಿ ಕಾಫಿ ತಂದ್ಲು.”

“ಆಮೇಲೆ?”

“ಆಮೇಲೇನು? ಜಗಲೀಲಿ ಕೂತು ಪೇಪರ್ ಓದ್ತಾ ಐತಲ್ಲ, ಅದೇ ಆಮೇಲೆ.”

ಆ ಮದುವೆಯಲ್ಲಿ ನಾಲ್ಕು ಹೋಳಿಗೆ ತಿಂದು, ಒಳ್ಳೇ ಗಂಡು ಹುಡುಕಿದಿರಿ ಎಂದು ಹೇಳಿ ಬಂದವನು ನಾನು. ದೊಡ್ಡಮ್ಮ ನಗುತ್ತಿದ್ದರು, ಕಾಸು ಕೊಟ್ಟ ದಿನ ನಕ್ಕ ಹಾಗೆಯೇ.

“ಪಕ್ಕದ್ಮನೆ ಹುಡ್ಗಿಗೂ ಒಳ್ಳೇ ಕಡೆ ಆಯ್ತು, ಸುಖವಾಗವಳೆ. ಅದ್ಕೇ ನಿಂಗೆ ಹೇಳ್ಲಿಲ್ಲ. ಬೇಜಾರ್ ಮಾಡ್ಕಬೇಡ. ತಪ್ಪಿ ಬಂದ ಅಳಿಯನ್ನೇ ನಮ್ಮೋನು ಅಂತ ಇಟ್ಕಂಡಿದ್ದೀವಿ, ಒಂದು ಕಾಸು ಹೆಚ್ಚಾ?” ಎಂದು ಆ ಕಾಲಾಣೆಯನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯೊಳಗೆ ಹಾಕಿದರು. “ನಾಳೆಯಿಂದ ಸವರ್ತೀನಿ. ತಗ್ಗು ಬಿದ್ದೇ ಬೀಳ್ತದೆ.”

ಜಗಲಿಯಲ್ಲಿ ಪೇಪರ್ ಮಡಿಸಿದ ಸದ್ದಾಯಿತು. ಅಳಿಯ ಎದ್ದು ನನ್ನ ಕಡೆ ಬಂದ. ಹೊಡೆಯುತ್ತಾನೋ ಕೈ ಕುಲುಕುತ್ತಾನೋ ಗೊತ್ತಾಗದೆ ನಾನೂ ಎದ್ದು ನಿಂತೆ.

“ಬರ್ತೀವಿ ಅಂತ ಬರೆದ್ರೂ ಆ ಮನೆಯೋರು ಯಾಕೆ ಬೀಗ ಹಾಕಿದ್ರು ಅಂತ ನಮ್ಮಪ್ಪ ಸಾಯೋ ತನಕ ಕೇಳ್ತಿದ್ರು. ಹಂಗಾದ್ರೆ ಅದು ನೀವಾ ಪೋಸ್ಟಣ್ಣ?”

ತಲೆಯಾಡಿಸಿದೆ. ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ. “ಈಗ್ಲಾದ್ರೂ ನನ್ನನ್ನ ಸರಿಯಾದ ವಿಳಾಸಕ್ಕೆ ತಲುಪಿಸೋಕಾಗ್ತದಾ?”

ಅಡುಗೆಮನೆಯಿಂದ ಜಾಲರಿ ಸೌಟು ಹಿಡಿದ ಕೈ ಹೊರಗೆ ಬಂತು, ಹಿಂದೆಯೇ ಮಗಳ ದನಿ.

“ತಲುಪಿಸಿ ಪೋಸ್ಟಣ್ಣ, ಇವತ್ತೇ ತಲುಪಿಸಿ. ಆದ್ರೆ ವಿಳಾಸದಾರರು ತಗೊಳ್ಳಲಿಲ್ಲ ಅಂತ ವಾಪಸ್ ಮಾತ್ರ ತರ್ಬೇಡಿ!”